ಲೆಸ್ಟರ್ ಮನೆಯ ಅರ್ಧ ಪಾಲು

೭ ಮಾರ್ಚ್ ೧೯೮೮, ಸೋಮವಾರ. ಮರಳವಾಡಿ

ರೇಷ್ಮೆ ಹುಳುಗಳು ಪೊರೆ ಕಳಚುವ ಮೂರನೇ ಜ್ವರದಿಂದ ಎದ್ದಿವೆ. ಎಷ್ಟು ಸೊಪ್ಪು ಹಾಕಿದರೂ ಸಾಲದು. ಹೆಂಡತಿ ಅಂಬುಜಮ್ಮನೂ ನಾನೂ ಬೆಳಿಗ್ಗೆಯಿಂದ ಕೊಯ್ದದ್ದೇ ಕೊಯ್ದದ್ದು.

ಹಿಂದಿನ ಬೆಳೆಯ ಗೂಡು ರಾಮನಗರದಲ್ಲಿ ಒಳ್ಳೆ ರೇಟಿಗೆ ಹೋಯಿತು. ಆ ಹುರುಪಿನಲ್ಲಿ ಮಾರ್ಕೆಟ್ಟಿನ ನಡುವೆ ನಿಂತು ಘೋಷಿಸಿಯೇ ಬಿಟ್ಟೆ — ಕೇಳಿರಯ್ಯಾ, ಇಂಗ್ಲೆಂಡ್ ದೇಶದ ಲೆಸ್ಟರ್ ನಗರದಲ್ಲಿ ಈ ರಾಮಲಿಂಗಯ್ಯನಿಗೊಂದು ಸೌಧವುಂಟು! ಸೌಧವೇನಲ್ಲ. ಇಟ್ಟಿಗೆಯ ಎರಡಂತಸ್ತು, ಅದರಲ್ಲಿ ಅರ್ಧ. ತಮ್ಮ ಪುಟ್ಟಲಿಂಗ ಸಾಯುವ ಮುಂಚೆ ಉಯಿಲು ಬರೆದು ಕೊಟ್ಟದ್ದು. ಉಳಿದರ್ಧ ಅವನ ಹೆಂಡತಿ ಅಖ್ತರಿಯದು. ಕೆಳಗೆ ಅವಳಿದ್ದಾಳೆ. ಮೇಲೆ ಓದುವ ಹುಡುಗಿಯರು, ಬಾಡಿಗೆಗೆ.

ನಾಟಕದಲ್ಲಿ ನನ್ನ ದುರ್ಯೋಧನನಿಗೆ ಎದುರು ಭೀಮನಾಗುವ ಬೋರಲಿಂಗಯ್ಯ ಅಲ್ಲೇ ಇದ್ದ. "ಲೇ, ಹಿಗ್ಬೇಡ ಕಣ್ಲಾ. ಅಲ್ಲೊಂದ್ ಟ್ಯಾಕ್ಸು, ಇಲ್ಲೊಂದ್ ಟ್ಯಾಕ್ಸು. ತೊಡೆ ಮುರಿಯಾಕೆ ನಾನೇ ಬರ್ಬೇಕು ಅಂತೇನಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ...

೧೧ ಮಾರ್ಚ್, ಶುಕ್ರವಾರ

ರಾಮನಗರದ ಆಡಿಟರ್ ಮರಿಯಪ್ಪನ ಆಫೀಸು.

"ನೀವು ಇಲ್ಲಿರೋರು, ರಾಮಲಿಂಗಯ್ನೋರೆ. ಭೂಮಂಡಲದಲ್ಲಿ ಎಲ್ಲಿ ಬಾಡಿಗೆ ಹುಟ್ಟಿದ್ರೂ ನಿಮ್ ಪಾಲು ಇಲ್ಲಿ ತೋರಿಸ್ಬೇಕು."

"ನಯಾಪೈಸೆ ಕೈಗೆ ಬಂದಿಲ್ಲ!"

"ಕೈಗೇ ಬರ್ಬೇಕು ಅಂತೇನಿಲ್ಲ. ಅಲ್ಲಿನ ಸರ್ಕಾರಾನೂ ಕೇಳ್ತದೆ."

"ಭೂಮಿತಾಯಿಯ ಮಗನಿಗೆ ತೆರಿಗೆಯೇ? ರೈತ ನಾನು!"

"ಲೆಸ್ಟರ್ ಮನೆ ಮಾಳಿಗೆ ಮೇಲೆ ಹಿಪ್ಪುನೇರಳೆ ಬೆಳೆದಿದ್ದೀರಾ? ಕೂತ್ಕಳಿ, ಇನ್ನೂ ಐತೆ—"

ಕೂರಲಿಲ್ಲ. ಶಲ್ಯ ಹೆಗಲಿಗೆ ಎಸೆದೆ. "ಎರಡು ಸಿಂಹಾಸನಕ್ಕೆ ಕಪ್ಪ ಕೊಡುವ ಸಾಮಂತ ನಾನಲ್ಲ!" ಎಂದು ಗುಡುಗಿ ಹೊರಬಂದೆ. ಗುಮಾಸ್ತರೆಲ್ಲ ಎದ್ದು ನಿಂತಿದ್ದರು. ಭರ್ಜರಿ ನಿರ್ಗಮನ.

೧೩ ಮಾರ್ಚ್

ಅಖ್ತರಿಗೆ ಟ್ರಂಕ್ ಕಾಲ್ ಸಿಕ್ಕಿತು. ಮನೆ ಮಾರು, ನನ್ನ ಅರ್ಧ ಬೇರೆ ಮಾಡು ಎಂದೆ. ಅವಳೂ ರಾಮನಗರದಲ್ಲಿ ಗೂಡಿನಿಂದ ನೂಲು ತೆಗೆಯುವ ರೀಲರ್ ಮನೆಯ ಮಗಳು, ನಮ್ಮಂತೆಯೇ ಮಾತು.

"ಭಾವ, ನಿಮ್ ಪಾಲು ಕೊಳ್ಳೋ ಅಷ್ಟು ಶಕ್ತಿ ನಂಗಿಲ್ಲ. ಮಾರಿದ್ರೆ ಇಡೀ ಮನೇನೇ ಹೋಯ್ತದೆ. ಆ ಹುಡ್ಗೀರ ಬಾಡಿಗೇಲೆ ಬ್ಯಾಂಕ್ ಸಾಲ ಕಟ್ತಿರೋದು. ಒಸಿ ತಡೀರಿ... ಅವ್ರು ಇದ್ದ ಮನೆ ಇದು."

"ಮಾರು!" ಎಂದೆ. ಫೋನೇ ಬೇಡ, ಲೆಸ್ಟರಿಗೆ ನೇರವಾಗಿ ಕೇಳಿಸುವಷ್ಟು ಜೋರಾಗಿ.

ಫೋನ್ ಮುಗಿಸಿ ಬರುವ ದಾರಿಯಲ್ಲಿ ಅಂಬುಜಮ್ಮ ಹೇಳಿದಳು: "ಪಾರ್ಟು ಚೆನ್ನಾಗಿ ಮಾಡಿದ್ರಿ. ಅವ್ಳು ಅಳ್ತಿದ್ದದ್ದು ಪಕ್ಕದಲ್ಲಿದ್ದ ನಂಗೇ ಕೇಳುಸ್ತು, ನಿಮ್ಗೆ ಕೇಳಿಸ್ನಿಲ್ವಾ?"

ಸೊಪ್ಪು ಹಾಕಲು ಹೋದೆ.

೪ ಜುಲೈ, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ ಅಂದುಕೊಂಡಿದ್ದೆ.

ಇವತ್ತು ಬಸ್‌ಸ್ಟ್ಯಾಂಡಿನಲ್ಲಿ ಮರಿಯಪ್ಪ ಸಿಕ್ಕ. ಲೆಸ್ಟರ್ ಮನೆಗೆ ಗಿರಾಕಿ ಸಿಕ್ಕಿ ಮಾರಾಟವಾಗುತ್ತಿರುವ ಸುದ್ದಿ ಹೇಳಿದೆ. ಹಣೆ ಚಚ್ಚಿಕೊಂಡ.

"ಪೂರ್ತಿ ಕೇಳ್ದೆ ಎದ್ದೋದ್ರಲ್ಲ ಸ್ವಾಮಿ! ಅಲ್ಲಿ ಕಟ್ಟಿದ ತೆರಿಗೆ ಇಲ್ಲಿ ವಜಾ ಸಿಕ್ತದೆ. ಸಾಲದ ಬಡ್ಡಿ, ರಿಪೇರಿ ಕಳದ್ರೆ ನಿಮ್ ತಲೆಗೆ ಏನೂ ಬೀಳ್ತಿರ್ಲಿಲ್ಲ. ಈಗ ಮಾರಿದ ಲಾಭಕ್ಕೆ ಬೇರೆ ತೆರಿಗೆ ಐತೆ, ಅದು ಬೀಳ್ತದೆ."

ಬಸ್ಸು ಬಂತು, ಹೋಯಿತು. ನಾನು ಅಲ್ಲೇ ನಿಂತಿದ್ದೆ. ತೆರಿಗೆಯ ಮಾತು ಬಿಡು, ಕಟ್ಟಿಬಿಡಬಹುದು. ಒಂದು ನಿಮಿಷ ಕೂತಿದ್ದರೆ ಅವಳ ಮನೆ ಉಳಿಯುತ್ತಿತ್ತು. ನನಗೆ ಆ ಸಿಂಹಾಸನದ ಮಾತಿನ ಮೇಲೆ ಎದ್ದು ಬರುವುದೇ ಮುಖ್ಯವಾಯಿತು.

ಅದೇ ದಿನ, ಸಂಜೆ

ಫೋನ್ ಸಿಕ್ಕಿತು.

"ಸೈನಾಯ್ತು ಭಾವ. ಶುಕ್ರವಾರ ಬೀಗದ ಕೈ ಕೊಡ್ಬೇಕು. ಅವ್ರ ಕೋಟು, ಸ್ವೆಟ್ರು ಎಲ್ಲ ಕಟ್ಟಿಟ್ಟೀನಿ. ಏನ್ಮಾಡ್ಲಿ?"

ಕ್ಷಮಿಸು ಎನ್ನಲು ಹೋದೆ. ದನಿ ದೊಡ್ಡದಾಗಿಯೇ ಬಂತು. ಸಣ್ಣದು ಮಾಡಿ ಗೊತ್ತಿಲ್ಲ. ನಿಲ್ಲಿಸಿದೆ. ಮತ್ತೆ ಮೆಲ್ಲಗೆ: "ಬಂದ್ಬುಡಮ್ಮ ಅಖ್ತರಿ. ನಮ್ಮನೇಗೆ ಬಾ."

ಅವಳು ನಕ್ಕಳು. ನಗುವಿನಲ್ಲಿ ಕಹಿಯಿರಲಿಲ್ಲ, ಅದೇ ನನಗೆ ಸಂಕಟ.

"ಯಾವ ಬಾಗ್ಲಿಂದ ಬರ್ಲಿ ಭಾವ?"

ಮದುವೆಯಾದ ವಾರ ಇಬ್ಬರೂ ಬಂದಿದ್ದರು. ಹಿತ್ತಲಿನಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದ್ದೆ. ನೀರು ಕೂಡ ಹುಳು ಮನೆಯ ಚೊಂಬಿನಲ್ಲಿ...

ಮುಂಬಾಗಿಲಿಂದ ಕಣಮ್ಮ, ಅಂದೆ. ಅನ್ನುವಷ್ಟರಲ್ಲಿ ಲೈನು—

ಅವಳಿಗೆ ಕೇಳಿಸಿತೋ ಇಲ್ಲವೋ. ನಾಳೆ ಬೆಳಿಗ್ಗೆ ಮತ್ತೆ ಬುಕ್ ಮಾಡಬೇಕು. ಶುಕ್ರವಾರದೊಳಗೆ ಹೇಗಾದರೂ ಆ ಮುಂಬಾಗಿಲಿನ ಮಾತು ಅವಳಿಗೆ ಮುಟ್ಟಬೇಕು.