ಕೊರಕಲಲ್ಲಿ ಹುಟ್ಟಿದ ಹೊಲ

ನನ್ನ ಬಾಯಿಬಡಕಿಗೆ,

ಈ ಕಾಗದ ನನ್ನದೇ ಅಂತ ನಂಬಲು ನಿನಗೆ ಸ್ವಲ್ಪ ಹೊತ್ತು ಬೇಕಾಗಬಹುದು. ಒಂದು ಮಾತಾಡಲು ಹತ್ತು ಸಲ ಉಗುಳು ನುಂಗುವವಳು ಇಷ್ಟುದ್ದ ಬರೆದಿದ್ದೇನೆ. ಓದಿದ್ದು ಐದನೇ ತರಗತಿಯವರೆಗೆ, ನಿನಗೇ ಗೊತ್ತು. ತಪ್ಪು ಕಂಡರೆ ಪೂರ್ತಿ ಓದಿದ ಮೇಲೆ ನಗು.

ಮೊನ್ನೆ, ಗುಡ್ಡದಲ್ಲಿ ಮಳೆನೀರು ಹಿಡಿಯಲು ನಾವು ಮಾಡಿದ ಕೆಲಸದಿಂದ ಏನು ಪ್ರಯೋಜನವಾಯಿತೆಂದು ಅಳೆಯಲು ಇಬ್ಬರು ಬಂದಿದ್ದರು. ಬಾವಿಗೆ ಟೇಪು ಇಳಿಸಿದರು, ಹೊಲದ ಮಣ್ಣನ್ನು ಚೀಲಕ್ಕೆ ತುಂಬಿಕೊಂಡರು. ಅವರ ಹಿಂದೆ ಗುಡ್ಡ ಹತ್ತುವಾಗ ನನಗೆ ನಿನ್ನದೇ ನೆನಪು. ನೆಲದ ಮಟ್ಟ ನೋಡಲು ಮೂರು ಕೋಲು ಕಟ್ಟಿದ ಆ ಚೌಕಟ್ಟು, ನಡುವೆ ದಾರದಲ್ಲಿ ತೂಗುವ ಕಲ್ಲು. ನಾನು ಹಿಡಿಯಬೇಕು, ಮಟ್ಟ ಸರಿಯಾಗಿ ಕಲ್ಲು ನಿಂತ ಕಡೆ ನೀನು ಗೂಟ ಹೊಡೆಯಬೇಕು. ಮಳೆನೀರು ಓಡಿಹೋಗದಿರಲಿ ಅಂತ ಆ ಗೂಟಗಳ ಜಾಡಿನಲ್ಲೇ ಊರವರು ಬದು ಹಾಕಿದರು. "ಕಲ್ಲು ನಿಲ್ಲೋವರೆಗೂ ಉಸಿರು ಬಿಡಬೇಡ ಕಣೇ" ಅಂತ ನನ್ನನ್ನು ಗದರಿಸಿ, ನೀನು ಮಾತ್ರ ಗಾಳಿಗೂ ಬಿಡುವು ಕೊಡದೆ ಹರಟುತ್ತಿದ್ದೆ.

ಆಮೇಲೆ ಗುಡ್ಡದ ಬುಡದಲ್ಲಿ ಕೆರೆಗೆ ತಗ್ಗಿನ ಜಾಗ ಬೇಕಾಯಿತು. ತಗ್ಗಿನಲ್ಲಿದ್ದದ್ದು ನಿಮ್ಮ ಹೊಲ ಒಂದೇ. "ಎಲ್ರಿಗೂ ನೀರು ಬರೋದಾದ್ರೆ ಆಗ್ಲಿ ಬಿಡಿ" ಅಂದರು ನಿಮ್ಮಪ್ಪ. ಬದಲಿ ಜಾಗ ಕೊಡುತ್ತೇವೆ ಅಂದವರು, ಕೆರೆ ತುಂಬಿದ ಸಂಭ್ರಮದಲ್ಲಿ ಮರೆತರು. ನೀವು ಪಾತ್ರೆ ಪಡಗ ಗಾಡಿಗೇರಿಸಿ ಇಟ್ಟಿಗೆ ಗೂಡಿನ ಕೆಲಸಕ್ಕೆ ಹೊರಟಿರಿ. ಅಂದು ಗಾಡಿಯ ಮೇಲೆ ಕೂತ ನೀನು ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಬಂದವರು ನಮ್ಮನ್ನೆಲ್ಲ ಕೆರೆ ಏರಿಯ ಮೇಲೆ ಕೂರಿಸಿ ಕೇಳಿದರು. ಬಾವಿ ಬೇಸಿಗೆಯಲ್ಲೂ ಬತ್ತುವುದಿಲ್ಲ ಅಂತ ಒಬ್ಬರು, ಒಂದೇ ಬೆಳೆ ಬರುತ್ತಿದ್ದ ಕಡೆ ಎರಡು ತೆಗೆಯುತ್ತಿದ್ದೇವೆ ಅಂತ ಇನ್ನೊಬ್ಬರು. ಬೋಳುಗುಡ್ಡದಲ್ಲಿ ಹುಲ್ಲು ಎದ್ದಿದೆ, ಹುಲ್ಲಿನಲ್ಲಿ ಗೌಜಲಹಕ್ಕಿ ಕೂಗುತ್ತದೆ. ನಮ್ಮಜ್ಜಿ, "ಮೊದ್ಲು ನೀರಿಗೆ ಹೋದ್ರೆ ಅರ್ಧ ದಿನ ಹೋಗ್ತಿತ್ತು. ಈಗ ಸೊಸೆಗೆ ಬಯ್ಯೋಕೆ ಬೇಕಾದಷ್ಟು ಟೈಮು" ಅಂದಳು. ಅಮ್ಮನೂ ನಕ್ಕಳು. ಎಲ್ಲವೂ ನಿಜವೇ. ಆದರೆ ನಮ್ಮ ಕಣ್ಣೆದುರಿಗೇ, ನೀರಿನಡಿಯಲ್ಲಿ, ನಿಮ್ಮ ಹೊಲವಿತ್ತು. ಅದರ ಸುದ್ದಿ ಯಾರೂ ಎತ್ತಲಿಲ್ಲ.

"ನೀನೇನೂ ಹೇಳಲ್ವಾ ತಂಗಿ?" ಅಂದರು ಬಂದವರಲ್ಲಿ ಒಬ್ಬಾಕೆ. ಅಭ್ಯಾಸ ನೋಡು, ನೀನು ನನ್ನ ಪರವಾಗಿ ಹೇಳುತ್ತೀಯ ಅಂತ ಪಕ್ಕಕ್ಕೆ ತಿರುಗಿದೆ. ಜಾಗ ಖಾಲಿಯಿತ್ತು. ಅದಕ್ಕೇ ಎದ್ದು ನಿಂತೆನೇನೋ. "ಮೇಲೆ ಕೊರಕಲಿಗೆ ಅಡ್ಡ ಕಲ್ಲು ಕಟ್ಟಿದ್ವಲ್ಲ, ಅಲ್ಲಿ ಕೊಚ್ಕೊಂಡು ಬಂದ ಮಣ್ಣು ನಿಂತು ಒಂದು ಹೊಲದಷ್ಟು ಜಾಗ ಆಗಿದೆ. ಅದು ಯಾರದ್ದೂ ಅಲ್ಲ. ಕೆರೆಗೆ ಹೊಲ ಬಿಟ್ಟವರಿಗೆ ಅದನ್ನ ಕೊಡಿ" ಅಂದೆ. ನನ್ನ ದನಿ ನನಗೇ ಬೇರೆಯವರದ್ದು ಅನಿಸಿತು.

ಊರ ಯಜಮಾನರು ಕೆಮ್ಮಿದರು. ಆ ಜಾಗದಲ್ಲಿ ತಮ್ಮ ಎತ್ತು ಮೇಯಿಸುತ್ತಿದ್ದವರು ಅವರೇ. ಅಜ್ಜಿ ಬಿಡಲಿಲ್ಲ. "ಈ ಗುಮ್ಮನಗುಸುಕೀನೇ ಬಾಯ್ಬಿಟ್ಟಿದ್ದಾಳೆ. ಇನ್ನು ನಾವು ಸುಮ್ನಿದ್ರೆ ಹೇಗಪ್ಪಾ?" ಅಂದಳು. ಯಜಮಾನರು ನಿಮ್ಮ ಹೊಲ ಮುಳುಗಿದ ಕಡೆಗೆ ತಿರುಗಿದರು. ಕೊನೆಗೆ, "ಅವನನ್ನ ಕರೆಸಿ. ಇನ್ಮೇಲೆ ಅಲ್ಲಿ ಅವನೇ ಬಿತ್ತಲಿ" ಅಂದರು.

ಮಣ್ಣು ಕಪ್ಪಗಿದೆ, ಹಿಡಿಯಲ್ಲಿ ಒತ್ತಿದರೆ ಉಂಡೆ ನಿಲ್ಲುತ್ತದೆ. ಹಳೆಯ ಹೊಲಕ್ಕಿಂತ ಒಳ್ಳೆಯದು ಅನ್ನಲಾರೆ, ನಿಮ್ಮಪ್ಪನಿಗೆ ಸಿಟ್ಟು ಬರುತ್ತದೆ. ಆದರೆ ಅದಕ್ಕಿನ್ನೂ ಬದು ಆಗಬೇಕು. ಅಟ್ಟದಿಂದ ಚೌಕಟ್ಟು ಇಳಿಸಿ ಹೊಸ ದಾರ ಕಟ್ಟಿದ್ದೇನೆ. ನಿನ್ನೆ ಒಬ್ಬಳೇ ಹಿಡಿದು ನೋಡಿದೆ. ಹರಟುವವರಿಲ್ಲದೆ ಕಲ್ಲು ತಟ್ಟನೆ ನಿಂತುಬಿಟ್ಟಿತು. ನನಗೆ ಸಂತೋಷವಾಗಲಿಲ್ಲ. ಗೂಟ ಹೊಡೆಯಲು ನೀನು ಬೇಕು.

ಮಳೆಗೆ ಮುಂಚೆ ಹೊರಡಿ. ನೀವು ಬರುವ ದಾರಿಯುದ್ದಕ್ಕೂ ನೆರಳಿರಲಿ, ನಿಮ್ಮಪ್ಪನ ಮೊದಲ ಬಿತ್ತನೆ ಮೊಳೆಯಲಿ.

ಕಲ್ಲು ನಿಂತಿದೆ, ಉಸಿರು ಹಿಡಿದು ಕಾಯುತ್ತಿದ್ದೇನೆ,

ನಿನ್ನ ಗುಮ್ಮನಗುಸುಕಿ