ನೀರು ಬೆರೆಸದ ಲೋಟ

ಪೋತೊಮ್ಯೆ,
29 ಆಗಸ್ಟ್ 2004, ಭಾನುವಾರ

ಪ್ರೀತಿಯ ತಮ್ಮ ಬಾಲ್ದೊ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಆಕ್ಲೆಂಡಿನಲ್ಲಿ ಇನ್ನೂ ಚಳಿ ಬಿಟ್ಟಿಲ್ಲವೆಂದು ಅಲ್ಲಿಂದ ರಜೆಗೆ ಬಂದಿರುವ ನಿವೆಸ್ ಹೇಳಿದಳು. ಬೆನ್ನಿಗೆ ಉಣ್ಣೆಯ ಬಟ್ಟೆ ಸುತ್ತಿಕೋ, ಕಂಡ ಕಂಡ ಮುಲಾಮು ಬಳಿದುಕೊಂಡು ಕೂರಬೇಡ. ನಾನು ಚೆನ್ನಾಗಿದ್ದೇನೆ. ಬಲಮಂಡಿ ಮಾತ್ರ ಇಳಿಯುವಾಗ ತಕರಾರು ತೆಗೆಯುತ್ತದೆ, ಹತ್ತುವಾಗ ಸುಮ್ಮನಿರುತ್ತದೆ. ಅದಕ್ಕೇ ಹತ್ತುವ ಕೆಲಸಗಳನ್ನೇ ಹೆಚ್ಚು ಹಚ್ಚಿಕೊಂಡಿದ್ದೇನೆ.

ನೀನು ಕಳುಹಿಸಿದ ಕಾಗದ ಜುಲೈಯಲ್ಲೇ ತಲುಪಿತು. ಗುಡ್ಡದಾಚೆಯ ಅಪ್ಪನ ದ್ರಾಕ್ಷಿತೋಟವನ್ನು ಸ್ಪ್ಲಿಟ್‌ನ ಹೋಟೆಲಿನವನಿಗೆ ಮಾರುವ ಕಾಗದ. ನಿನ್ನ ಅರ್ಧ ಪಾಲಿಗೆ ನೀನು ಸಹಿ ಹಾಕಿದ್ದೆ, ನನ್ನ ಅರ್ಧ ಪಾಲಿಗೆ ಜಾಗ ಖಾಲಿ ಬಿಟ್ಟಿದ್ದೆ. 'ಅಕ್ಕ, ಅರವತ್ತೆಂಟು ವರ್ಷಕ್ಕೆ ಆ ಇಳಿಜಾರಲ್ಲಿ ಹುಳಿ ದ್ರಾಕ್ಷಿಗೋಸ್ಕರ ಕಾಲು ಮುರ್ಕೋಬೇಡ' ಎಂದು ಜೊತೆಗೊಂದು ಸಾಲು. ನನಗೇನೂ ಬೇಜಾರಾಗಲಿಲ್ಲ, ತಮ್ಮನಲ್ಲದೆ ಇನ್ಯಾರು ಹೇಳುತ್ತಾರೆ? ಹೋಟೆಲಿನವನು ಅಲ್ಲಿ ಈಜುಕೊಳ ಕಟ್ಟಿಸುತ್ತಾನಂತೆ. ಕಾಲಡಿಯಲ್ಲಿ ಇಡೀ ಸಮುದ್ರವೇ ಬಿದ್ದುಕೊಂಡಿರುವಾಗ ಈಜುಕೊಳ! ಇರಲಿ, ಅವನ ಹುಚ್ಚು ಅವನಿಗೆ. ನಾನಂತೂ ಸಹಿ ಹಾಕುವುದೆಂದು ತೀರ್ಮಾನ ಮಾಡಿದ್ದೆ. ಬುಧವಾರ ನೋಟರಿಯ ಹತ್ತಿರ ಕರೆದುಕೊಂಡು ಹೋಗಲು ಕಾರು ತರುವಂತೆ ನಿವೆಸ್‌ಗೆ ಹೇಳಿಯೂ ಆಗಿತ್ತು. ಕಾಗದ ಅಡುಗೆಮನೆಯಲ್ಲಿ ಎಣ್ಣೆ ಶೀಶೆಯ ಕೆಳಗೆ ಕಾಯುತ್ತಿತ್ತು.

ಅಷ್ಟರಲ್ಲಿ ಸೋಮವಾರ ಬಂತು. ಶರತ್ಕಾಲದ ಮಳೆಗೆ ಮುಂಚೆ ನೆಲತೊಟ್ಟಿ ಖಾಲಿ ಮಾಡಿ, ತೊಳೆದು, ಸುಣ್ಣ ಬಳಿಯುವ ದಿನ ನಿನಗೆ ನೆನಪಿರಬೇಕು. ಅಮ್ಮ ನಮ್ಮಿಬ್ಬರನ್ನೂ ಹಗ್ಗ ಕಟ್ಟಿ ಒಳಗಿಳಿಸುತ್ತಿದ್ದಳಲ್ಲ, ನೀನು ಕೆಳಗೆ ಇಳಿದೊಡನೆ ಕೂಗಿ ಕೂಗಿ ನಿನ್ನ ದನಿಯನ್ನೇ ಕೇಳಿಸಿಕೊಳ್ಳುತ್ತಿದ್ದೆ. ಈಗ ಆ ಕೆಲಸಕ್ಕೆ ಪಕ್ಕದ ಮನೆಯ ಸ್ತಿಯೆಪೊ, ನಮ್ಮ ನಿವೆಸಳ ಅಪ್ಪ, ಬರುತ್ತಾನೆ. ವಯಸ್ಸು ಎಪ್ಪತ್ತಾದರೂ ಏಣಿ ಇಳಿಯುವಾಗ ಗಂಡುಹುಡುಗನ ಠೀವಿ. ಮನೆಖರ್ಚಿಗೆಂದು ನಾನು ಎರಡು ಬಕೆಟ್ ನೀರು ತೆಗೆದಿಟ್ಟಿದ್ದೆ. ಟ್ಯಾಂಕರ್ ಬರುವುದು ಮರುದಿನ ಬೆಳಿಗ್ಗೆ. ನಾನು ಹಿತ್ತಿಲಿಗೆ ಹೋಗಿ ಬರುವಷ್ಟರಲ್ಲಿ ಈ ಮಹಾಶಯ ಆ ಎರಡು ಬಕೆಟ್ಟನ್ನೂ ತೊಟ್ಟಿಯ ತಳಕ್ಕೆ ಸುರಿದು ಉಜ್ಜಿಬಿಟ್ಟಿದ್ದ! 'ಕುಡಿಯೋ ನೀರು ಕಣೋ ಅದು' ಎಂದರೆ, 'ಹಾಗಂತ ಬಕೆಟ್ ಮೇಲೆ ಬರೆದಿತ್ತಾ? ತೊಟ್ಟಿ ಫಳಫಳ ಅಂತಿದೆ, ನೋಡು ಬಾ' ಎಂದು ಒಳಗಿಂದಲೇ ಕೂಗಿದ.

ಊಟಕ್ಕೆ ನಾನು ಮಾಡಿದ್ದೇನು ಗೊತ್ತೇ? ಉಪ್ಪಿನಲ್ಲಿ ಹಾಕಿಟ್ಟ ಸಣ್ಣ ಮೀನು, ಈರುಳ್ಳಿ, ಬ್ರೆಡ್ಡು. ಆ ಉರಿಬಿಸಿಲಲ್ಲಿ ಎರಡು ತುತ್ತು ತಿಂದೊಡನೆ ಗಂಟಲು ಒಣಗಿತು. ಮನೆಯಲ್ಲಿ ತೊಟ್ಟು ನೀರಿಲ್ಲ. ಸ್ತಿಯೆಪೊನ ಮನೆಯಿಂದ ತರೋಣವೆಂದರೆ ಬೀಗ ಹಾಕಿಕೊಂಡು ನಿವೆಸ್ ಸಮುದ್ರಕ್ಕೆ ಹೋಗಿದ್ದಳು. ಇದ್ದದ್ದು ನಮ್ಮದೇ ಪ್ಲಾವಾತ್ಸ್ ದ್ರಾಕ್ಷಿಯ ವೈನು, ಹೋದ ವರ್ಷದ ಪೀಪಾಯಿಯಿಂದ ಬಗ್ಗಿಸಿಟ್ಟ ಒಂದು ಹೂಜಿ. ಸ್ತಿಯೆಪೊ ತನ್ನ ಲೋಟ ತುಂಬಿಸಿಕೊಂಡ, ನನ್ನದಕ್ಕೂ ಸುರಿದ. ನನ್ನ ಕೈ ತಾನಾಗಿಯೇ ನೀರಿನ ಜಗ್ಗಿನ ಕಡೆ ಹೋಯಿತು. ಜಗ್ಗು ಖಾಲಿ.

ನಮ್ಮ ಮನೆಯ ಕ್ರಮ ನಿನಗೆ ಗೊತ್ತಿದ್ದದ್ದೇ. ಅರ್ಧ ವೈನು, ಅರ್ಧ ನೀರು, ಅದೇ ಬೆವಾಂದಾ. 'ಬಾಯಾರಿಕೆಗೆ ಕುಡಿಯೋದು, ಮೆರೆಯೋದಕ್ಕಲ್ಲ' ಎನ್ನುತ್ತ ಅಪ್ಪ ಎಲ್ಲರ ಲೋಟಕ್ಕೂ, ತಮ್ಮ ಲೋಟಕ್ಕೂ, ಧಾರಾಳವಾಗಿ ನೀರು ಬೆರೆಸುತ್ತಿದ್ದರು. ನೀರು ಬೆರೆಸದ್ದು ಪಾದ್ರಿಗೆ, ಬಂದ ನೆಂಟರಿಗೆ. ಹಬ್ಬಕ್ಕೆ ಹೆಂಗಸರಿಗೆ ಬೆರಳುದ್ದದ ಲೋಟದಲ್ಲಿ ಸಿಹಿ ಮದ್ಯ. ದ್ರಾಕ್ಷಿ ಕೊಯ್ಯಲು ನಾನು ಬೇಕು, ತುಳಿಯಲು ನಾನು ಬೇಕು, ಪೀಪಾಯಿಗೆ ಸುರಿದ ಮೇಲೆ ಅದು ಗಂಡಸರ ವಿಷಯ. ಅಪ್ಪನ ನಂತರ ನನ್ನ ಗಂಡ ರುಚಿ ನೋಡಿದ, ಅವನು ಹೋದ ಮೇಲೆ ಸ್ತಿಯೆಪೊ. ನೀನೂ ಹದಿನೇಳಕ್ಕೇ ಹಡಗು ಹತ್ತಿದವನು. ನಿನ್ನ ಬಾಯಿಗೂ ಬಿದ್ದದ್ದು ಬೆವಾಂದಾ ಒಂದೇ. ನೀನು ಹುಳಿ ಎಂದು ಬರೆದದ್ದು ಅದನ್ನು ನೆನೆಸಿಕೊಂಡು ಅಲ್ಲವೇ?

ಬೇರೆ ದಾರಿಯಿಲ್ಲದೆ ಲೋಟ ಎತ್ತಿದೆ. ಬಾಲ್ದೊ, ನಾನು ಬರೆಯುವುದರಲ್ಲಿ ಜಾಣೆಯಲ್ಲ, ಆದರೂ ಹೇಳುತ್ತೇನೆ. ಮೊದಲು ನಾಲಿಗೆ ಬೆಚ್ಚಗಾಯಿತು, ಒಗರು ಹಲ್ಲಿಗೆ ಹತ್ತಿತು. ಆಮೇಲೆ ಒಣ ಅಂಜೂರ! ಅಪ್ಪ ತೋಟದಲ್ಲಿ ಕೋಟಿನ ಜೇಬಿನಿಂದ ತೆಗೆದು ಹರಿದು ನಮ್ಮಿಬ್ಬರಿಗೂ ಅರ್ಧರ್ಧ ಕೊಡುತ್ತಿದ್ದ ಅದೇ ಅಂಜೂರ, ಜೇಬಿನಲ್ಲಿ ಅದರ ಜೊತೆ ಇರುತ್ತಿದ್ದ ಸುವಾಸನೆಯ ಎಲೆಗಳ ಘಮ ಸಮೇತ. ಕೊನೆಗೆ ತುಟಿಯ ಮೇಲೆ ಒಂದಿಷ್ಟು ಉಪ್ಪು. ಮೀನಿನ ಉಪ್ಪೇನೋ ಎಂದು ಬ್ರೆಡ್ಡು ತಿಂದು, ಬಾಯಿ ಒರೆಸಿಕೊಂಡು ಮತ್ತೆ ಕುಡಿದೆ. ಮೀನಿನದಲ್ಲ, ಅದು ನಮ್ಮ ಇಳಿಜಾರಿಗೆ ಬಡಿಯುವ ಗಾಳಿಯದು. ನಾನು ಐವತ್ತೈದು ವರ್ಷ ಮೈಮುರಿದು ದುಡಿದದ್ದು ಇದಕ್ಕಾಗಿಯೇ ಎಂದು ಆಗ ತಿಳಿಯಿತು, ಕಣ್ಣಲ್ಲಿ ನೀರು ಬಂತು. ಮನೆಯಲ್ಲಿ ಇದ್ದ ನೀರು ಅಷ್ಟೇ.

ಮರುಕ್ಷಣವೇ ಸಿಟ್ಟು ಬಂತು. 'ಪ್ರತಿ ವರ್ಷ ಪೀಪಾಯಿಗೆ ಬಾಯಿಟ್ಟು ಬಂದು ನೀನು ನಂಗೆ ಹೇಳ್ತಿದ್ದಿದ್ದು ಪರವಾಗಿಲ್ಲ ಅಂತ. ಇದು ಬರೀ ಪರವಾಗಿಲ್ವೇನೋ?' ಎಂದು ಸ್ತಿಯೆಪೊನನ್ನು ತರಾಟೆಗೆ ತೆಗೆದುಕೊಂಡೆ. 'ಮತ್ತೇನು, ಹಾಡು ಕಟ್ಟಿ ಹೇಳ್ಬೇಕಿತ್ತಾ? ಇದು ಬಿಟ್ರೆ ನಾನು ಪರವಾಗಿಲ್ಲ ಅಂದದ್ದು ನನ್ನ ಹೆಂಡ್ತಿ ಅಡುಗೆಗೆ ಮಾತ್ರ' ಎಂದು ನಕ್ಕುಬಿಟ್ಟ. ನನಗೂ ನಗು ಬಂತು, ಆದರೆ ಅಮ್ಮ ನೆನಪಾದಳು. ಎಂಬತ್ತೊಂದು ವರ್ಷ ಬದುಕಿ ಈ ಒಂದು ಲೋಟ ಕುಡಿಯದೆ ಹೋದಳು. ಅಪ್ಪನ ಮೇಲೆ ದೂರಿಲ್ಲ, ರುಚಿ ನೋಡಿದ್ದು ಬಿಟ್ಟರೆ ಅವರೂ ಕುಡಿಯಲಿಲ್ಲ. ಒಳ್ಳೆಯದನ್ನೆಲ್ಲ ಬಾಗಿಲಿಗೆ ಬಂದವರಿಗೆ ಕೊಟ್ಟು, ಮನೆಯವರಿಗೆ ನೀರು ಬೆರೆಸಿದೆವು. ಪೀಪಾಯಿ ಕೋಣೆಯ ಬೀಗದ ಕೈ ಅವತ್ತೇ ಸ್ತಿಯೆಪೊನಿಂದ ಕಿತ್ತುಕೊಂಡೆ. ಈಗದು ನನ್ನ ಏಪ್ರನ್ ಜೇಬಿನಲ್ಲಿದೆ.

ಮರುದಿನ ಬೆಳಿಗ್ಗೆ ಟ್ಯಾಂಕರ್ ಬಂದು ಹೋದ ಮೇಲೆ ಗುಡ್ಡದ ಸುರಂಗ ದಾಟಿ ತೋಟಕ್ಕೆ ಹೋದೆ. ಹಣ್ಣು ಕಪ್ಪಾಗಿದೆ, ಕೆಲವು ಆಗಲೇ ಬಳ್ಳಿಯಲ್ಲೇ ಒಣಗಿ ಸುಕ್ಕಾಗಿವೆ. ಒಂದೊಂದು ಬಳ್ಳಿಯೂ ಮಂಡಿಯೆತ್ತರಕ್ಕಿಂತ ಮೇಲೇಳುವುದಿಲ್ಲ, ಗಾಳಿಗೆ ಹೆದರಿ ಕಲ್ಲಿಗೆ ಅಂಟಿಕೊಂಡಿವೆ ಎಂದು ಇಷ್ಟು ವರ್ಷ ಬೈಯುತ್ತಿದ್ದೆ. ಅವತ್ತು ಬೈಯಲು ಬಾಯಿ ಬರಲಿಲ್ಲ. ಮಂಡಿ ಇಳಿಯುವಾಗ ನೋಯಿತು, ನೋಯಲಿ ಬಿಡು. ನನಗೆ ಈ ತೋಟ ಮಾರಲು ಮನಸ್ಸಿಲ್ಲ, ಇದನ್ನು ನಿನಗೆ ನೇರವಾಗಿಯೇ ಹೇಳುತ್ತಿದ್ದೇನೆ. ಆದರೆ ಅರ್ಧ ನಿನ್ನದು. ನನ್ನ ಹಟಕ್ಕೆ ನಿನ್ನ ಕೈ ಕಟ್ಟಿಹಾಕಿದ ಅಕ್ಕ ಎನಿಸಿಕೊಳ್ಳುವುದು ನನಗೆ ಬೇಡ.

ನಿವೆಸ್ ನಾಳೆ ಆಕ್ಲೆಂಡಿಗೆ ವಾಪಸು ಹೊರಡುತ್ತಾಳೆ, ಅವಳ ಚೀಲದಲ್ಲಿ ನಿನಗೊಂದು ಶೀಶೆ ಇದೆ. ನಿನ್ನ ಹೆಂಡತಿಗೂ ಮಕ್ಕಳಿಗೂ ನನ್ನ ಮುತ್ತುಗಳು. ನಮ್ಮ ಮಾತೆ ಮರಿಯ ನಿನ್ನ ಬೆನ್ನನ್ನು ಕಾಯಲಿ, ನಿನ್ನ ಮನೆ ನಗುತ್ತಿರಲಿ. ಸ್ತಿಯೆಪೊ ನೆನಪು ತಿಳಿಸಿದ್ದಾನೆ, ಬೀಗದ ಕೈ ವಾಪಸು ಕೊಡಿಸು ಎಂದು ನಿನಗೆ ಅಹವಾಲನ್ನೂ ಸೇರಿಸಿದ್ದಾನೆ. ಕಿವಿಗೊಡಬೇಡ.

ನಿನ್ನ ಅಕ್ಕ
ದೋಬ್ರಿಲಾ

ಮತ್ತೊಂದು ಮಾತು, ನಿವೆಸ್ ಬಾಗಿಲಲ್ಲಿ ನಿಂತಿದ್ದಾಳೆ: ಬುಧವಾರ ನೋಟರಿಯ ಹತ್ತಿರ ಹೋಗಿ ಸಹಿ ಹಾಕಿಯೇ ಬಂದೆ. ಕಾಗದವನ್ನು ಹೋಟೆಲಿನವನಿಗೆ ಕೊಟ್ಟಿಲ್ಲ, ಒಡೆಯದಿರಲೆಂದು ಶೀಶೆಗೆ ಸುತ್ತಿದ್ದೇನೆ. ಮೊದಲು ಒಂದು ಲೋಟ ಕುಡಿ, ನೀರು ಮುಟ್ಟಬೇಡ. ಆಮೇಲೂ ಮಾರಬೇಕು ಎನಿಸಿದರೆ ಅವನಿಗೆ ನೀನೇ ಅಂಚೆಗೆ ಹಾಕು, ನಾನು ಒಂದು ಮಾತೂ ಆಡುವುದಿಲ್ಲ. ಕೊಯ್ಲು ಸೆಪ್ಟೆಂಬರ್ ಹದಿನೆಂಟಕ್ಕೆ. ನಿನ್ನ ಹಳೆಯ ಕತ್ತರಿಗೆ ಸಾಣೆ ಹಿಡಿಸಿ ಇಟ್ಟಿದ್ದೇನೆ.