ಹಿಂದಕ್ಕೆ ನಡೆದ ಪ್ಲಿಮತ್

ಸ್ಕೋಗ್‌ಬಿ, ನಾರ್ತ್ ಡಕೋಟಾ
ಆಗಸ್ಟ್ 9, 1987

ಪ್ರೀತಿಯ ಲಾವೋನ್,

ನಿನ್ನ ಕಾಗದಗಳೆಲ್ಲ ಬಂದಿವೆ. "ಬದುಕಿದ್ದೀಯೋ ಇಲ್ವೋ, ಅಷ್ಟಾದ್ರೂ ಬರಿಯೇ" ಎಂದು ಕೊನೆಯದರಲ್ಲಿ ಬೈದಿದ್ದೀಯಲ್ಲ, ಬದುಕಿದ್ದೇನೆ. ಉತ್ತರ ಬರೆಯಲು ಕೂರದೆ ಇರಲಿಲ್ಲ. ಕೂತಾಗಲೆಲ್ಲ ಹಾಳೆಯ ತುಂಬ ಗ್ರೀಸಿನ ಬೆರಳಚ್ಚು ಬಿದ್ದು, ಪೊಲೀಸರಿಗೆ ಕಳಿಸುವ ಕಾಗದದ ಹಾಗೆ ಕಾಣುತ್ತಿತ್ತು. ಹರಿದು ಹಾಕುತ್ತಿದ್ದೆ. ಇವತ್ತು ಸೀಮೆಎಣ್ಣೆಯಲ್ಲಿ ಕೈ ತೊಳೆದು, ಸಾಬೂನು ಹಾಕಿ, ಮೇಲೆ ನೀನು ಕ್ರಿಸ್‌ಮಸ್ಸಿಗೆ ಕಳಿಸಿದ್ದ ಕ್ರೀಮು ಬಳಿದುಕೊಂಡು ಕೂತಿದ್ದೇನೆ. ಅರಿಜೋನಾದ ಬಿಸಿಲು ನಿನ್ನ ಮಂಡಿಗೆ ಒಗ್ಗಿದೆ ಎಂದು ಓದಿ ಸಮಾಧಾನವಾಯಿತು. ನನ್ನ ಮಂಡಿಯ ಸುದ್ದಿ ಕೇಳಬೇಡ. ಈ ಬೇಸಗೆಯೆಲ್ಲ ಅದರ ಮೇಲೇ ಕಳೆದಿದ್ದೇನೆ, ಒಂದು ಕಾರಿನ ಕೆಳಗೆ.

ನಮ್ಮ ಹಳೆಯ ಪ್ಲಿಮತ್ ಕಾರು ನೆನಪಿದೆಯೆ? 1950ರದ್ದು. ಹಾರ್ಲನ್‌ನ ಅಪ್ಪ, ನನ್ನ ಮಾವ, ಕೊಂಡದ್ದು, ಆಮೇಲೆ ಹಾರ್ಲನ್ ಓಡಿಸಿದ್ದು. ಅವನು ತೀರಿಕೊಂಡ ಮೇಲೆ ಶೆಡ್ಡಿನಲ್ಲೇ ನಿಂತಿತ್ತು. ಈ ಸಲದ ಹಿಮಕ್ಕೆ ಶೆಡ್ಡಿನ ಸೂರು ಕುಸಿದು ಸೀದಾ ಅದರ ತಲೆಯ ಮೇಲೆ ಕೂತಿತು. ಕಾರಿನ ಚಾವಣಿ ಸ್ಟೇರಿಂಗಿನವರೆಗೆ ಇಳಿದಿತ್ತು. ಮುಂದಿನ ಗಾಜು ಪುಡಿಪುಡಿ. ಸೀಟಿನೊಳಗೆ ಇಲಿಗಳು ಮಕ್ಕಳು ಮೊಮ್ಮಕ್ಕಳ ಸಮೇತ ಸಂಸಾರ ಹೂಡಿದ್ದವು. ನೋಡಲಾರದೆ ಗುಜರಿಯ ಎಲ್ರಾಯ್‌ಗೆ ಹೇಳಿಕಳಿಸಿದೆ.

ಎಲ್ರಾಯ್ ಎಳೆಯುವ ಲಾರಿ ತಂದ. ಅವನ ಹಿಂದೆಯೇ ಬೋರ್ಗಿಲ್ಡ್ ಬಂದಳು.

ಹಾರ್ಲನ್‌ನ ಅಕ್ಕ ಬೋರ್ಗಿಲ್ಡ್ ಎಂಥವಳು ಎಂದು ನಿನಗೆ ಹೇಳಬೇಕಿಲ್ಲ. ಆಯುಷ್ಯವೆಲ್ಲ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು, ಸ್ಟಾಂಪು ಕೇಳಿದವರನ್ನು ಸಾಲ ಕೇಳಿದವರ ಹಾಗೆ ನೋಡಿದವಳು. ನನ್ನ ಮದುವೆಯ ದಿನ ಕೇಕಿನ ಮೊದಲ ತುಂಡು ತಿಂದು "ಒಣಗಿದೆ" ಎಂದಿದ್ದಳು, ಆಮೇಲೂ ಆ ಅಭಿಪ್ರಾಯ ಬದಲಿಸಲಿಲ್ಲ. ಹಾರ್ಲನ್‌ನ ಅಂತ್ಯಕ್ರಿಯೆಯಾದ ಮೇಲಂತೂ ನಾವಿಬ್ಬರೂ ಚರ್ಚಿನಲ್ಲಿ ಒಂದೇ ಬೆಂಚಿನ ಎರಡು ತುದಿಗೆ ಕೂರುತ್ತಿದ್ದೆವು. ನಡುವೆ ಇಡೀ ಸಂಸಾರವೊಂದು ಕೂರಬಹುದಿತ್ತು, ಕೂರುತ್ತಲೂ ಇತ್ತು.

"ಎಲ್ರಾಯ್, ಆ ಸರಪಳಿ ಕೆಳಗಿಡು," ಎಂದಳು. "ಇದು ನಮ್ಮಪ್ಪನ ಕಾರು."

"ಆಮೇಲೆ ನನ್ನ ಗಂಡಂದಾಯ್ತು," ಎಂದೆ.

"ಅವ್ನು ನಿನಗೆ ಗಂಡ ಆಗೋಕೆ ಮುಂಚೆ ನನಗೆ ತಮ್ಮ ಆಗಿದ್ದ ಕಣೇ." ಹೀಗೆಂದವಳೇ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಾರಿನ ಬಾನೆಟ್ಟಿನ ಮೇಲೆ ಕೂತುಬಿಟ್ಟಳು.

ಎಲ್ರಾಯ್ ನನ್ನ ಮುಖ ನೋಡಿ, "ಆರ್ಡಿಸ್ ಅವ್ರೇ, ಇವ್ರನ್ನೂ ಸೇರಿಸಿ ಎಳ್ಕೊಂಡ್ಹೋಗ್ಲಾ? ಒಟ್ಟು ತೂಕಕ್ಕೆ ರೇಟು ಹಾಕ್ತೀನಿ," ಎಂದ.

ನನಗೆ ನಗು ತಡೆಯಲಾಗಲಿಲ್ಲ. ಬೋರ್ಗಿಲ್ಡ್ ನಗಲಿಲ್ಲ. ಆದರೆ ಅವನು ಹೋದ ಮೇಲೆ, "ಜುಲೈನಲ್ಲಿ ಊರಿಗೆ ನೂರು ವರ್ಷ ತುಂಬುತ್ತೆ. ಮೆರವಣಿಗೇಲಿ ಅಪ್ಪನ ಕಾರು ಹೋಗ್ಬೇಕು," ಎಂದಳು.

"ರಿಪೇರಿ ಮಾಡಿಸೋಕೆ ದುಡ್ಡು ಎಲ್ಲಿಂದ ತರ್ತೀಯ?"

"ಮಾಡಿಸೋದು ಯಾರು? ಮಾಡೋಣ."

ಮಾಡೋಣ! ಈ ಹೆಂಗಸು ನನ್ನನ್ನೂ ತನ್ನ ಜೊತೆ ಸೇರಿಸಿ ಮಾತಾಡಿದ್ದು ಅದೇ ಮೊದಲು. ಆ ಬೆರಗಿನಲ್ಲೇ ನಾನು ಹೂಂ ಎಂದೆ.

ನಮ್ಮಿಬ್ಬರ ಪಿಂಚಣಿ ಸೇರಿಸಿದರೂ ಒಂದು ಹೊಸ ಬಾಗಿಲು ಬರುತ್ತಿರಲಿಲ್ಲ. ಹಾಗಾಗಿ ಕೊಳ್ಳುವ ಮಾತೇ ಇಲ್ಲ. ಹಿತ್ತಲಲ್ಲಿ ರೂಬಾರ್ಬಿನ ಹುಳಿ ದಂಟು ಸೊಕ್ಕಿ ಬೆಳೆದಿತ್ತು. ಅದರ ಸಿಹಿ ಪೈ ಬೇಯಿಸಿ ಎಲ್ರಾಯ್‌ಗೆ ಕೊಡುವುದು, ಅವನ ಗುಜರಿಯಿಂದ ಸಾಮಾನು ಬಿಚ್ಚಿಕೊಂಡು ಬರುವುದು. ಮುಂದಿನ ಗಾಜು ಸಿಗುವ ಹೊತ್ತಿಗೆ ಅವನು ಹೊಟ್ಟೆಗೆ ಸಾಲದ ಬೆಲ್ಟು ಬಿಟ್ಟು, ಪ್ಯಾಂಟಿಗೆ ಹೆಗಲ ಮೇಲಿನ ತೂಗುಪಟ್ಟಿ ಹಾಕಿಕೊಳ್ಳತೊಡಗಿದ್ದ. ಸೀಟಿಗೆ ಚರ್ಚಿನ ನೆಲಮಾಳಿಗೆಯ ಹಳೆಯ ಪರದೆಯನ್ನು ಹೇಳದೆ ಕೇಳದೆ ತಂದು ಹೊದಿಸಿದೆವು. ನೀನೇ ಹಟ ಹಿಡಿದು ಆರಿಸಿದ್ದೆಯಲ್ಲ, ಕಂದು ಬಣ್ಣದ್ದು, ಯಾರೂ ಇಷ್ಟಪಡದಿದ್ದದ್ದು, ಅದೇ. ಕಾರ್ಬ್ಯುರೇಟರನ್ನು ನನ್ನ ಲೂಟೆಫಿಸ್ಕ್ ಮೀನು ಬೇಯಿಸುವ ಪಾತ್ರೆಯಲ್ಲಿ ಹಾಕಿ ಕುದಿಸಿದೆವು. ಮೀನಿನ ವಾಸನೆ ಪೆಟ್ರೋಲಿಗೆ ಹತ್ತಿತೋ, ಪೆಟ್ರೋಲಿನದು ಪಾತ್ರೆಗೆ ಹತ್ತಿತೋ, ಇನ್ನೂ ತೀರ್ಮಾನವಾಗಿಲ್ಲ.

ಚಾವಣಿಯದೇ ದೊಡ್ಡ ಕಷ್ಟ. ಸುತ್ತಿಗೆಯಿಂದ ಬಡಿದರೆ ಒಂದು ಕಡೆ ಏಳುತ್ತಿತ್ತು, ಇನ್ನೊಂದು ಕಡೆ ಮಲಗುತ್ತಿತ್ತು. ಕೊನೆಗೆ ಬೋರ್ಗಿಲ್ಡ್, "ಕೈಗಿಂತ ಕಾಲಿಗೆ ಬಲ ಜಾಸ್ತಿ. ಒಳಗೆ ಮಲಗೇ," ಎಂದಳು. ಸೀಟು ಬಿಚ್ಚಿದ ಕಾರಿನ ನೆಲದ ಮೇಲೆ ಇಬ್ಬರೂ ಅಂಗಾತ ಮಲಗಿ, ಕಾಲನ್ನು ಮೇಲಕ್ಕೆ ಕೊಟ್ಟು ಒದ್ದೆವು.

"ಒಂದು, ಎರಡು, ಒದಿ! ನೀನು ಒದೀತಿದ್ದೀಯೋ, ಸುಮ್ನೆ ಸವರ್ತಿದ್ದೀಯೋ?"

"ನಿನ್ನ ಮೊಣಕೈ ನನ್ನ ಪಕ್ಕೆಲುಬಲ್ಲಿದೆ!"

"ಪಕ್ಕೆಲುಬು ಆ ಕಡೆ ಸರಿಸ್ಕೋ!"

ಅಷ್ಟರಲ್ಲಿ ಪಾಸ್ಟರ್ ಟ್ವೆಡ್ಟ್ ಪರದೆಗಳ ವಿಷಯ ಕೇಳಲು ಬಂದಿದ್ದರು. ಅವರಿಗೆ ಕಂಡದ್ದು ಕಿಟಕಿಯಲ್ಲಿ ನಾಲ್ಕು ಕಾಲು, ಕೇಳಿದ್ದು ಇಬ್ಬರು ವಯಸ್ಸಾದ ಹೆಂಗಸರ ಏದುಸಿರು. ಅವರು "ದೇವರೇ" ಎನ್ನುವುದಕ್ಕೂ, ಚಾವಣಿ ಬಂದೂಕು ಹಾರಿಸಿದ ಹಾಗೆ ಢಮಾರೆಂದು ಮೇಲಕ್ಕೆ ಚಿಮ್ಮುವುದಕ್ಕೂ ಸರಿಹೋಯಿತು. ಮನುಷ್ಯ ಸೀಟಿನಿಂದ ಕಿತ್ತು ಹಾಕಿದ್ದ ಇಲಿಗೂಡಿನ ಹುಲ್ಲಿನ ರಾಶಿಯ ಮೇಲೆ ಕೂತುಬಿಟ್ಟರು. ಬೋರ್ಗಿಲ್ಡ್ ತಲೆ ಹೊರಹಾಕಿ, "ಪಾಸ್ಟರ್, ನಿಮ್ಮ ಪ್ರಾರ್ಥನೆಗೆ ಇಷ್ಟು ಬೇಗ ಫಲ ಬಂದದ್ದು ಇದೇ ಮೊದಲಿರ್ಬೇಕು," ಎಂದಳು. ಪರದೆಯ ಮಾತು ಅಲ್ಲಿಗೆ ಮುಗಿಯಿತು.

ಬಣ್ಣಕ್ಕೆ ಒಂದು ವಾರ ಜಗಳ. ಅವಳಿಗೆ ಅಪ್ಪನ ಕಾಲದ ಕಡುಹಸಿರು ಬೇಕು. ನನಗೆ ನೀಲಿ. ಎರಡೂ ನಮ್ಮ ಕೈಗೆ ಎಟುಕಲಿಲ್ಲ. ಹಿಮ ತಳ್ಳುವ ಲಾರಿಗಳಿಗೆ ಬಳಿದು ಮಿಕ್ಕಿದ್ದ ಕಿತ್ತಳೆ ಬಣ್ಣ ಎಲ್ರಾಯ್‌ನ ಹತ್ತಿರ ಡಬ್ಬಗಟ್ಟಲೆ ಇತ್ತು. ಎರಡು ರೂಬಾರ್ಬ್ ಪೈಗೆ ಕೊಟ್ಟ. ಬೇಲಿಗೆ ಬಳಿಯುವ ಬ್ರಷ್ಷಿನಲ್ಲೇ ಬಳಿದೆವು. ಬಿಸಿಲಿಗೆ ನಿಲ್ಲಿಸಿದರೆ ಕಣ್ಣು ಕೋರೈಸುತ್ತಿತ್ತು. ಅದನ್ನು ನೋಡಿ ನಮ್ಮ ಬೆಕ್ಕು ಮೂರು ದಿನ ಮನೆ ಬಿಟ್ಟಿತ್ತು.

ಇನ್ನು ಮೆರವಣಿಗೆಯ ದಿನ. ನಾನು ಸ್ಟೇರಿಂಗಿಗೆ, ಬೋರ್ಗಿಲ್ಡ್ ಪಕ್ಕದಲ್ಲಿ, ತಲೆಗೆ ಹ್ಯಾಟು. ಕಾರು ಒಂದೇ ಸಲಕ್ಕೆ ಶುರುವಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ನೋಡಿದ್ದರೆ ಅಳುತ್ತಿದ್ದೆವು. ನಮ್ಮ ಸರದಿ ಬರುವ ಮುಂಚೆ ಅಗ್ನಿಶಾಮಕದ ಗಾಡಿಗೆ ದಾರಿ ಬಿಡಲು ರಿವರ್ಸ್ ಹಾಕಿದೆ. ಗೇರು ಅಲ್ಲೇ ಕೂತಿತು. ಎಳೆದೆ, ತಳ್ಳಿದೆ, ಬೇಡಿಕೊಂಡೆ. ಗೇರಿನ ಸಂದಿಗೆ ರಬ್ಬರಿನ ಬದಲು ತೋಟದ ಪೈಪಿನ ತುಂಡು ತುರುಕಿದ್ದೆವು, ಅದೇ ಕೈಕೊಟ್ಟಿತ್ತು.

"ಇಳಿಯೋಣ," ಎಂದೆ.

"ಯಾಕೆ? ಕಾರು ನಡೀತಿಲ್ವಾ?"

"ಹಿಂದಕ್ಕೆ ಮಾತ್ರ ನಡೀತಿದೆ!"

"ಹಾಗಾದ್ರೆ ತಿರುಗಿಸ್ಕೊಂಡು ಹಿಂದಕ್ಕೇ ನಡಿ. ಹೋಗ್ಬೇಕಾದ ಕಡೆ ಹೋದ್ರೆ ಸಾಲ್ದಾ?"

ಹೋದೆವು, ಲಾವೋನ್. ಇಡೀ ಮೇನ್ ಸ್ಟ್ರೀಟು ಹಿಂದುಮುಂದಾಗಿ ಹೋದೆವು. ನಾನು ಕುತ್ತಿಗೆ ತಿರುಚಿಕೊಂಡು ಹಿಂದಿನ ಗಾಜು ನೋಡುತ್ತಿದ್ದೆ. ಅವಳು ಸೀಟಿನ ಮೇಲೆ ಮಂಡಿಯೂರಿ, "ಎಡಕ್ಕೆ! ಆ ಎಡ ಅಲ್ಲ, ಇನ್ನೊಂದು ಎಡ!" ಎಂದು ಕೂಗುತ್ತಿದ್ದಳು. ನಮ್ಮ ಹಿಂದೆ ಬರಬೇಕಿದ್ದ ಹೈಸ್ಕೂಲಿನ ಬ್ಯಾಂಡಿನವರು ನಮ್ಮ ಹೆಡ್‌ಲೈಟಿಗೆ ಎದುರಾಗಿ ಹೆಜ್ಜೆ ಹಾಕುತ್ತಿದ್ದರು. ಟ್ರಂಪೆಟ್ಟಿನವರಿಗೆ ನಗು ಬಂದು ಉಸಿರೇ ಉಳಿಯಲಿಲ್ಲ. ಡೋಲಿನವರು ಮಾತ್ರ ನಿಭಾಯಿಸಿದರು. ಫುಟ್‌ಪಾತಿನಲ್ಲಿ ಯಾರೋ, "ಜುಲೈನಲ್ಲೇ ಹಿಮದ ಲಾರಿ ಬಂತಲ್ಲಪ್ಪೋ!" ಎಂದು ಕೂಗಿದರು. ವೇದಿಕೆಯ ಮೇಲಿದ್ದ ಮೇಯರ್ ಮೈಕಿನಲ್ಲಿ, "ಮುಂದೆ ಬರ್ತಾ ಇರೋದು... ಅಲ್ಲ, ಹಿಂದೆ... ಒಟ್ನಲ್ಲಿ ಬರ್ತಾ ಇರೋದು," ಎಂದು ನಿಲ್ಲಿಸಿಬಿಟ್ಟರು. ಬೋರ್ಗಿಲ್ಡ್ ಮಂಡಿಯೂರಿಕೊಂಡೇ ಮಹಾರಾಣಿಯ ಹಾಗೆ ಕೈಬೀಸಿದಳು.

ನಮಗೊಂದು ರಿಬ್ಬನ್ನು ಕೊಟ್ಟರು. ಮೆರವಣಿಗೆಯಲ್ಲಿದ್ದುಕೊಂಡೇ ಮೆರವಣಿಗೆಗೆ ಮುಖ ಮಾಡಿ ಹೋದ ಕಾರೆಂದು, ಇದಕ್ಕಾಗಿಯೇ ಹೊಸದಾಗಿ ಹುಟ್ಟಿಸಿದ ಬಹುಮಾನ. ಬೋರ್ಗಿಲ್ಡ್ ಅದನ್ನು ಸ್ಟೇರಿಂಗಿಗೆ ಕಟ್ಟಿದಳು. ಆಮೇಲೆ ಇಬ್ಬರೂ ಒಂದು ಮಧ್ಯಾಹ್ನವೆಲ್ಲ ಕೂತು ಗೇರು ಸರಿಪಡಿಸಿದೆವು. ಈಗ ಕಾರು ಎರಡೂ ಕಡೆಗೆ ಓಡುತ್ತದೆ. ಮಾಡುವ ಕೆಲಸ ಏನೂ ಉಳಿದಿಲ್ಲ.

ನಿನ್ನ ಮಂಡಿ ಚೆನ್ನಾಗಿರಲಿ. ನಿನ್ನವರಿಗೆ ಉಪ್ಪು ಕಮ್ಮಿ ಹಾಕು. ದೇವರು ನಿಮ್ಮಿಬ್ಬರನ್ನೂ ಒಬ್ಬರಿಗೊಬ್ಬರು ಬೈದುಕೊಂಡು ಬಹಳ ಕಾಲ ಇರುವಂತೆ ಮಾಡಲಿ.

ಪ್ರೀತಿಯಿಂದ,
ಆರ್ಡಿಸ್

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಹಾರ್ಲನ್ ಹೋದ ಮೇಲೆ ಈ ಊರಿನಲ್ಲಿ ಯಾರೂ ನನ್ನ ಮುಂದೆ ಅವನ ಹೆಸರೆತ್ತುವುದಿಲ್ಲ. ಎತ್ತಿದರೂ ಆಸ್ಪತ್ರೆಯಲ್ಲಿ ಮಾತಾಡುವ ಹಾಗೆ ದನಿ ತಗ್ಗಿಸಿ, ಅವನೊಬ್ಬ ಸಂತ ಎಂಬಂತೆ ಮಾತಾಡುತ್ತಾರೆ. ಬೋರ್ಗಿಲ್ಡ್ ಒಬ್ಬಳೇ ಕಾರಿನ ಕೆಳಗಿಂದ, "ಈ ಸೋಮಾರಿ ನೋಡೇ, ಬೋಲ್ಟು ಹಾಕೋ ಕಡೆ ತಂತಿ ಸುತ್ತಿಟ್ಟಿದ್ದಾನೆ! ಹಾರ್ಲನ್, ಕತ್ತೆ, ನಿನಗೇನು ಬಂದಿತ್ತೋ!" ಎಂದು ಬೈಯುತ್ತಿದ್ದಳು. ಅವಳು ಹಾಗೆ ಬೈಯುವಾಗ ಅವನು ಒಳಗೆಲ್ಲೋ ಕಾಫಿ ಕುಡಿಯುತ್ತಾ ಕೂತು, ಈಗ ಎದ್ದು ಬಂದು ಎದುರು ವಾದಿಸುತ್ತಾನೆ ಅನ್ನಿಸುತ್ತಿತ್ತು. ಕಾರು ಮುಗಿದ ಮೇಲೆ ಅವಳು ಬರುವುದು ನಿಂತಿದೆ. ಸುಮ್ಮನೆ ಬಾ ಎಂದು ಕರೆಯುವ ರೂಢಿ ನಮ್ಮಿಬ್ಬರಿಗೂ ಇಲ್ಲ. ಮನೆ ಎಷ್ಟು ನಿಶ್ಶಬ್ದವಾಗಿದೆ ಎಂದರೆ, ಲಾವೋನ್, ನಾನು ಎರಡು ಕೋಣೆಯಲ್ಲಿ ಎರಡು ರೇಡಿಯೋ ಹಾಕಿಡುತ್ತೇನೆ. ಇವತ್ತು ಮಧ್ಯಾಹ್ನ ನಾಚಿಕೆ ಬಿಟ್ಟು ಒಂದು ಸ್ಕ್ರೂಡ್ರೈವರ್ ಹಿಡಿದು ಶೆಡ್ಡಿಗೆ ಹೋದೆ, ರೇಡಿಯೇಟರ್ ಪೈಪಿನ ಕ್ಲಿಪ್ಪು ಸಡಿಲ ಮಾಡೋಣವೆಂದು. ಅದು ಆಗಲೇ ಸಡಿಲವಾಗಿತ್ತು. ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು. ಬೆಳಿಗ್ಗೆ ಚರ್ಚಿನಲ್ಲಿ ಬೋರ್ಗಿಲ್ಡ್‌ಳ ಮೂಗಿನ ಮೇಲಿದ್ದ ಕನ್ನಡಕ ಬ್ಯಾಟರಿಯ ಪಕ್ಕದಲ್ಲಿ ಮರೆತುಹೋಗಿ ಕೂತಿತ್ತು. ನಾನು ಕ್ಲಿಪ್ಪು ಬಿಗಿ ಮಾಡಲಿಲ್ಲ. ಈಗ ಅವಳಿಗೆ ಫೋನು ಮಾಡಿ ಗಾಬರಿಯಾದವಳ ಹಾಗೆ ಮಾತಾಡಬೇಕು. ನನಗೆ ನಟನೆ ಬರುವುದಿಲ್ಲ, ಅದು ನಿನಗೆ ಗೊತ್ತು.